ಎರಡು ವಾರ ಏರು, ಎರಡು ವಾರ ಇಳಿ: ದೇಹದ ಜಮಾ-ಖರ್ಚು



ನಮ್ಮ ಸಿಂಧನೂರಿನಲ್ಲಾಗಲಿ, ಲಿಂಗಸುಗೂರಿನಲ್ಲಾಗಲಿ ಜಿಮ್‌ಗೆ ಹೋಗುವ ಹುಡುಗರ ಬಾಯಲ್ಲಿ ಎರಡು ಮಾತು ಸದಾ ಇರುತ್ತವೆ. ಒಂದು ಬಲ್ಕಿಂಗ್, ಇನ್ನೊಂದು ಕಟಿಂಗ್. ಖರ್ಚಾಗುವುದಕ್ಕಿಂತ ಹೆಚ್ಚು ತಿಂದು, ಭಾರ ಎತ್ತಿ, ಮೈ ತುಂಬಿಸಿಕೊಳ್ಳುವುದು ಬಲ್ಕಿಂಗ್. ಕಡಿಮೆ ತಿಂದು, ಸೇರಿಕೊಂಡ ಕೊಬ್ಬನ್ನು ಇಳಿಸುವುದು ಕಟಿಂಗ್. ಇತ್ತೀಚೆಗೆ ಇವೆರಡನ್ನೂ ಚಿಕ್ಕ ಚಿಕ್ಕ ಕಂತು ಮಾಡಿ, ಎರಡು ವಾರ ಏರು, ಎರಡು ವಾರ ಇಳಿ ಎಂದು ಮಾಡುವುದು ಹುಡುಗರಲ್ಲಿ ಜೋರಾಗಿದೆ. "ದೇಹಕ್ಕೆ ರೂಢಿ ಆಗೋದ್ರೊಳಗ ಬದಲ್ ಮಾಡ್ಬೇಕು" ಎಂಬುದು ಅದಕ್ಕೆ ಅವರು ಕೊಡುವ ಕಾರಣ. ನಾನೂ ಅದನ್ನು ನಾಲ್ಕು ತಿಂಗಳು ಮಾಡಿದೆ. ಅದರಿಂದ ಏನಾಯಿತು, ಯಾಕಾಯಿತು, ಈಗ ಹೇಗೆ ಮಾಡುತ್ತಿದ್ದೇನೆ ಎಂಬುದನ್ನು ಲೆಕ್ಕ ಸಮೇತ ಬರೆಯುತ್ತೇನೆ. ನಾನು ಡಾಕ್ಟರ್ ಅಲ್ಲ, ಸೈನ್ಸ್ ವಿದ್ಯಾರ್ಥಿಯೂ ಅಲ್ಲ. ಕಾಮರ್ಸ್‌ನವನು. ಆದರೆ ಈ ವಿಷಯ ನೋಡಿದರೆ ಪೂರ್ತಿ ಅಕೌಂಟೆನ್ಸಿಯೇ.

ಮೊದಲು ಮೂಲ ಲೆಕ್ಕ. ಆಹಾರದ ಶಕ್ತಿಯನ್ನು ಕ್ಯಾಲೊರಿಯಲ್ಲಿ ಅಳೆಯುತ್ತಾರೆ. ಒಂದು ಗ್ರಾಂ ಹಿಟ್ಟು-ಸಕ್ಕರೆಯ ಅಂಶದಲ್ಲಿ 4 ಕ್ಯಾಲೊರಿ, ಪ್ರೋಟೀನ್‌ನಲ್ಲೂ 4, ಎಣ್ಣೆ-ತುಪ್ಪದಲ್ಲಿ 9. ಬಾಯಿಂದ ಒಳಗೆ ಹೋದದ್ದು ಜಮಾ. ಉಸಿರಾಟ, ನಡಿಗೆ, ಓದು, ಬಸ್ ಹಿಡಿಯಲು ಓಡುವುದು, ಭಾರ ಎತ್ತುವುದು ಎಲ್ಲ ಖರ್ಚು. ಜಮಾ ಹೆಚ್ಚಾದರೆ ಉಳಿದದ್ದು ಮೈಯಲ್ಲಿ ಸೇರುತ್ತದೆ, ಖರ್ಚು ಹೆಚ್ಚಾದರೆ ಮೈಯಿಂದ ಹೋಗುತ್ತದೆ. ಒಂದು ಕೆ.ಜಿ. ಕೊಬ್ಬು ಎಂದರೆ ಸುಮಾರು 7,700 ಕ್ಯಾಲೊರಿಯ ಡಿಪಾಸಿಟ್. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ 16ರಿಂದ 18 ವರ್ಷದ ಹುಡುಗನಿಗೆ ದಿನಕ್ಕೆ 3,320 ಕ್ಯಾಲೊರಿ, ಹುಡುಗಿಗೆ 2,500 ಬೇಕು. ಈ ಅಂಕಿ ನೋಡಿ ನನಗೆ ಆಶ್ಚರ್ಯವಾಯಿತು. ನಮ್ಮ ವಯಸ್ಸಿನ ಹುಡುಗನಿಗೆ ಬೇಕಾದದ್ದು ಕುಳಿತು ಕೆಲಸ ಮಾಡುವ ದೊಡ್ಡವರಿಗಿಂತ ಜಾಸ್ತಿ, ಏಕೆಂದರೆ ನಾವಿನ್ನೂ ಬೆಳೆಯುತ್ತಿದ್ದೇವೆ. ಆದರೆ ಆ ಪಟ್ಟಿ 64 ಕೆ.ಜಿ. ತೂಕದ, ಸಾಕಷ್ಟು ಓಡಾಡುವ ಹುಡುಗನಿಗೆ ಮಾಡಿದ್ದು. ಫಸ್ಟ್ ಪಿಯುಸಿ ಸೇರುವಾಗ ನಾನಿದ್ದದ್ದು 54 ಕೆ.ಜಿ., ಎತ್ತರ 171 ಸೆಂಟಿಮೀಟರ್. ಎರಡು ವಾರ ತಿಂದದ್ದನ್ನೆಲ್ಲ ಬರೆದು ನೋಡಿದಾಗ ಸುಮಾರು 2,600 ಕ್ಯಾಲೊರಿಗೆ ನನ್ನ ತೂಕ ಏರದೆ ಇಳಿಯದೆ ನಿಂತಿತ್ತು. ಅದೇ ನನ್ನ ಬ್ರೇಕ್ ಈವನ್ ಪಾಯಿಂಟ್.

ಇದು ಹೊಸ ವಿದ್ಯೆ ಏನಲ್ಲ. ನಮ್ಮ ಕಡೆ ಗರಡಿ ಮನೆ, ತಾಲೀಮು, ಜಾತ್ರೆಯ ಕುಸ್ತಿ, ಸಂಗ್ರಾಣಿ ಕಲ್ಲು ಎತ್ತುವುದು ಎಲ್ಲ ಹಳೆಯ ಕಾಲದಿಂದ ಇವೆ. ಲಿಂಗಸುಗೂರಿನ ನಮ್ಮ ನಾನಾ ಹುಡುಗರಿದ್ದಾಗ ಸಾಮು ಮಾಡುತ್ತಿದ್ದರಂತೆ. ಜಾತ್ರೆಗೆ ಮೂರು ತಿಂಗಳು ಮೊದಲು ಹಾಲು, ತುಪ್ಪ, ಬಾದಾಮಿ, ಶೇಂಗಾ ಶುರುವಾಗುತ್ತಿತ್ತು. ಕುಸ್ತಿ ಹತ್ತಿರ ಬಂದಾಗ ತುಪ್ಪ ಕಡಿಮೆ ಮಾಡಿ ಓಟ ಜಾಸ್ತಿ ಮಾಡುತ್ತಿದ್ದರು. ಅವರು ಅದಕ್ಕೆ ಬಲ್ಕಿಂಗ್ ಎನ್ನಲಿಲ್ಲ, "ಖುರಾಕ್" ಎಂದರು. ಮೈಸೂರು ದಸರಾ ಕುಸ್ತಿಗೂ ಪಂದ್ಯಕ್ಕೆ ಮೊದಲೇ ಪೈಲ್ವಾನರ ಜೋಡಿ ಕಟ್ಟುತ್ತಾರೆ. ಜೋಡಿ ಕಟ್ಟಿದ ಮೇಲೆ ಮನಸ್ಸಿಗೆ ಬಂದಂತೆ ತೂಕ ಏರಿಸಿ ಇಳಿಸುವ ಹಾಗಿಲ್ಲ.

ನಮ್ಮ ಅಬ್ಬಾ ಸಿಂಧನೂರಿನಲ್ಲಿ ಹಮಾಲಿ ಕೆಲಸ ಮಾಡುತ್ತಾರೆ. ನಮ್ಮ ಕಡೆ ಭತ್ತದ ಚೀಲ ಎಂದರೆ 75 ಕೆ.ಜಿ. ಎಡದಂಡೆ ಕಾಲುವೆಗೆ ನೀರು ಬಿಟ್ಟು ಬೆಳೆ ಚೆನ್ನಾಗಿ ಬಂದ ವರ್ಷ ಸುಗ್ಗಿಯಲ್ಲಿ ಲಾರಿಗಳು ಸಾಲು ನಿಲ್ಲುತ್ತವೆ, ಆಗ ಅವರ ಊಟ ಎರಡು ಪಾಲು. ಕಾಲುವೆ ಬಂದ್ ಆಗಿ ಕೆಲಸ ಇಲ್ಲದ ತಿಂಗಳಲ್ಲಿ ಊಟವೂ ಕಡಿಮೆ, ಮೈಯೂ ಇಳಿಯುತ್ತದೆ. ಅಂದರೆ ಯಾರೂ ಹೇಳಿಕೊಡದೆ ಅವರ ದೇಹ ಮೂವತ್ತು ವರ್ಷದಿಂದ ಏರಿ ಇಳಿಯುತ್ತಲೇ ಇದೆ. ನಾನು ಜಿಮ್ ಸೇರಿದಾಗ ಅವರು ನಕ್ಕು, "ಜಹಾಂ ಸೇ ಉಠಾತೇ ವಹೀಂಚ್ ರಖ್ತೇ, ಫಾಯ್ದಾ ಕ್ಯಾ?" ಅಂದರು. ಎಲ್ಲಿಂದ ಎತ್ತುತ್ತೀರೋ ಅಲ್ಲೇ ಇಡುತ್ತೀರಿ, ಲಾಭ ಏನು ಎಂದು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಜುಲೈನಲ್ಲಿ ಶುರು ಮಾಡಿದೆ. ಮೊದಲ ಎರಡು ವಾರ ಸಿಕ್ಕಿದ್ದೆಲ್ಲ ತಿಂದೆ, ದಿನಕ್ಕೆ ನಾಲ್ಕು ಮೊಟ್ಟೆ, ಸಂಜೆ ಬಾಳೆಹಣ್ಣು, ರಾತ್ರಿ ಅನ್ನ ಎರಡು ಸಲ. ತೂಕ 54ರಿಂದ 56 ಆಯಿತು. ಎರಡು ವಾರದಲ್ಲಿ 2 ಕೆ.ಜಿ. ಮಾಂಸಖಂಡ ಬಂತೆಂದು ಎಲ್ಲರಿಗೂ ತೋಳು ತೋರಿಸಿದೆ. ಆಮೇಲೆ ಎರಡು ವಾರ ಕಟಿಂಗ್. ಬೆಳಿಗ್ಗೆ ಬರೀ ಚಹಾ, ಮಧ್ಯಾಹ್ನ ಒಂದು ರೊಟ್ಟಿ, ರಾತ್ರಿ ಸ್ವಲ್ಪ ಬೇಳೆ. ದಿನಕ್ಕೆ 1,500 ಕ್ಯಾಲೊರಿ ಆಗುತ್ತಿತ್ತೋ ಇಲ್ಲವೋ. ಮೊದಲ ವಾರದಲ್ಲೇ ಒಂದೂವರೆ ಕೆ.ಜಿ. ಇಳಿಯಿತು. ಖುಷಿಯಾಯಿತು. ಹೀಗೆ ಅಕ್ಟೋಬರ್ ಕೊನೆಯವರೆಗೆ ನಾಲ್ಕು ಸುತ್ತು. ಕೊನೆಗೆ ತೂಕದ ಯಂತ್ರ ತೋರಿಸಿದ್ದು 54.6. ನಾಲ್ಕು ತಿಂಗಳ ದುಡಿಮೆಗೆ 600 ಗ್ರಾಂ. ಬೆಂಚ್ ಪ್ರೆಸ್ ಮೊದಲ ಆರು ವಾರದಲ್ಲಿ 30ರಿಂದ 40 ಕೆ.ಜಿ.ಗೆ ಏರಿತ್ತು, ಅದು ಹೊಸಬರಿಗೆಲ್ಲ ಏರುತ್ತದೆ. ಆಮೇಲೆ ಅಲ್ಲೇ ನಿಂತಿತು. ಕಟಿಂಗ್ ಬಂದಾಗಲೆಲ್ಲ 35ಕ್ಕೆ ಬರುತ್ತಿತ್ತು.

ನಾಲ್ಕನೇ ಕಟಿಂಗ್‌ನಲ್ಲಿ ಒಂದು ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ನಿಂತಾಗ ಕಣ್ಣು ಕತ್ತಲೆ ಬಂದು ಕುಸಿದು ಕುಳಿತೆ. ಅವತ್ತು ಅಕೌಂಟೆನ್ಸಿ ಟೆಸ್ಟ್ ಇತ್ತು, ಬರೆಯಲಿಲ್ಲ. ಮಸ್ಕಿ ಬಸ್ಸಿನಲ್ಲಿ ದಿನಾ ಜೊತೆಗೆ ಬರುವ ಗೆಳೆಯ ನೀರು ಕೊಟ್ಟು, "ಯಾಕ್ಲೇ, ಮಾರಿ ಇಷ್ಟ್ ಇಳದೈತಿ, ಜ್ವರ ಬಂದಿತ್ತೇನು?" ಎಂದ. ಕಟಿಂಗ್ ಎಂದು ಹೇಳಲು ನಾಚಿಕೆಯಾಗಿ ಹೌದು ಜ್ವರ ಎಂದೆ.

ನಂತರ ಓದಿದಾಗ ಗೊತ್ತಾಯಿತು. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು ಅವರ ಒಪ್ಪಿಗೆಯ ಮೇಲೆ ಅರೆಹೊಟ್ಟೆಯಲ್ಲಿಟ್ಟು ಪರೀಕ್ಷೆ ಮಾಡಿದರು. ಹಸಿವಿನಿಂದ ನರಳಿದ ಜನರಿಗೆ ಮತ್ತೆ ಹೇಗೆ ಊಟ ಕೊಡಬೇಕು ಎಂದು ತಿಳಿಯಲು ಅದು ಬೇಕಿತ್ತು. ಆರು ತಿಂಗಳು ಅವರಿಗೆ ಸಿಕ್ಕಿದ್ದು ದಿನಕ್ಕೆ ಸುಮಾರು 1,570 ಕ್ಯಾಲೊರಿ. ತೂಕ ನಾಲ್ಕನೇ ಒಂದು ಭಾಗ ಇಳಿಯಿತು. ಜೊತೆಗೆ ನಾಡಿ ನಿಧಾನವಾಯಿತು, ಸದಾ ಚಳಿ, ಸಿಟ್ಟು, ಮನಸ್ಸಿನಲ್ಲಿ ಊಟದ ಯೋಚನೆ ಬಿಟ್ಟು ಬೇರೆ ಇಲ್ಲ. ನಾನು ಫಿಟ್ನೆಸ್ ಎಂದು ತಿಳಿದು ತಿನ್ನುತ್ತಿದ್ದದ್ದು ಆ ಉಪವಾಸದ ಪರೀಕ್ಷೆಯವರ ಊಟಕ್ಕಿಂತ ಕಡಿಮೆ! ಎರಡೇ ವಾರ ಆದ್ದರಿಂದ ಬಚಾವಾದೆ.

ತೂಕದ ಯಂತ್ರ ಏನು ಹೇಳುತ್ತದೆ?

ಹಾಗಾದರೆ ಆ 2 ಕೆ.ಜಿ. ಬಂದದ್ದೆಲ್ಲಿಂದ, ಹೋದದ್ದೆಲ್ಲಿಗೆ? ಇದು ಗೊತ್ತಾದರೆ ಎರಡು ವಾರದ ಆಟದ ಗುಟ್ಟು ಗೊತ್ತಾದ ಹಾಗೆ.

ನಾವು ತಿಂದ ಅನ್ನ, ರೊಟ್ಟಿ ಸ್ವಲ್ಪ ಭಾಗ ಗ್ಲೈಕೋಜನ್ ಎಂಬ ರೂಪದಲ್ಲಿ ಮಾಂಸಖಂಡದಲ್ಲೂ ಲಿವರ್‌ನಲ್ಲೂ ಕೂಡಿರುತ್ತದೆ. ಎಲ್ಲ ಸೇರಿ ಅರ್ಧ ಕೆ.ಜಿ.ವರೆಗೆ ಇರಬಹುದು. ಒಂದೊಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಊಟ ಕಡಿಮೆ ಮಾಡಿದ ಮೊದಲ ಮೂರು ನಾಲ್ಕು ದಿನದಲ್ಲಿ ಇದೇ ಖಾಲಿಯಾಗುವುದು. ಉಪ್ಪು ಕಡಿಮೆಯಾದರೆ ಇನ್ನಷ್ಟು ನೀರು ಹೋಗುತ್ತದೆ, ಹೊಟ್ಟೆಯಲ್ಲಿರುವ ಆಹಾರದ ಭಾರವೂ ಇಳಿಯುತ್ತದೆ. ಮತ್ತೆ ತಿನ್ನಲು ಶುರು ಮಾಡಿದರೆ ಇವೆಲ್ಲ ನಾಲ್ಕೇ ದಿನದಲ್ಲಿ ವಾಪಸ್ ಬರುತ್ತವೆ.

ಲೆಕ್ಕ ಹಾಕಿ ನೋಡಿ. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೆ 14 ದಿನಕ್ಕೆ 7,000. ಅಂದರೆ ಹೋಗುವ ಕೊಬ್ಬು ಹೆಚ್ಚೆಂದರೆ 900 ಗ್ರಾಂ. ಯಂತ್ರ ಎರಡೂವರೆ ಕೆ.ಜಿ. ಇಳಿದಿದೆ ಎಂದರೆ ಉಳಿದದ್ದು ಹೆಚ್ಚಾಗಿ ನೀರು. ಇನ್ನು ಏರುವ ಕಡೆ. ಚೆನ್ನಾಗಿ ತಿಂದು ಚೆನ್ನಾಗಿ ಎತ್ತುವ ಹೊಸಬನಿಗೂ ತಿಂಗಳಿಗೆ ಅರ್ಧದಿಂದ ಒಂದು ಕೆ.ಜಿ. ಮಾಂಸಖಂಡ ಬಂದರೆ ದೊಡ್ಡದು. ಎರಡು ವಾರಕ್ಕೆ ಅದರ ಅರ್ಧ. ಒಂದು ಲೋಟ ನೀರು ಕುಡಿದರೆ ಕಾಲು ಕೆ.ಜಿ. ವ್ಯತ್ಯಾಸ ತೋರಿಸುವ ಯಂತ್ರದಲ್ಲಿ ಅದು ಎಲ್ಲಿ ಕಾಣಬೇಕು?

ನಮ್ಮ ಭಾಷೆಯಲ್ಲಿ ಹೇಳುವುದಾದರೆ ತೂಕ ಎಂಬುದು ಕ್ಯಾಶ್ ಬುಕ್‌ನ ಬ್ಯಾಲೆನ್ಸ್, ಅದು ಲಾಭ ಅಲ್ಲ. ಸಾಲ ತಂದರೂ ಗಲ್ಲಾದಲ್ಲಿ ದುಡ್ಡು ಜಾಸ್ತಿ ಕಾಣುತ್ತದೆ. ಸಾಮಾನು ಖರೀದಿಸಿದರೆ ಗಲ್ಲಾ ಖಾಲಿ, ಆದರೆ ಅಂಗಡಿಗೆ ನಷ್ಟವಾಗಿರುವುದಿಲ್ಲ. ಎರಡು ವಾರದ ಅವಧಿಯಲ್ಲಿ ನಾವು ನೋಡುತ್ತಿರುವುದು ನೀರಿನ ನಗದು ವ್ಯವಹಾರ ಮಾತ್ರ.

2024ರ ಪ್ಯಾರಿಸ್ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. ವಿನೇಶ್ ಫೋಗಟ್ 50 ಕೆ.ಜಿ. ವಿಭಾಗದಲ್ಲಿ ಫೈನಲ್ ತಲುಪಿದ್ದರು. ಆಗಸ್ಟ್ 7ರ ಬೆಳಿಗ್ಗೆ ತೂಕ ಮಾಡಿದಾಗ 100 ಗ್ರಾಂ ಹೆಚ್ಚು ಬಂತು, ಅನರ್ಹರಾದರು. ರಾತ್ರಿಯಿಡೀ ಅವರು ಇಳಿಸಲು ಹೆಣಗಿದ್ದು ಕೊಬ್ಬನ್ನಲ್ಲ, ನೀರನ್ನು. ಒಂದು ರಾತ್ರಿಯಲ್ಲಿ ಕೊಬ್ಬು ಕೆ.ಜಿ. ಲೆಕ್ಕದಲ್ಲಿ ಕರಗುವುದಿಲ್ಲ. ಅಂಥವರ ಹಿಂದೆ ಡಾಕ್ಟರು, ಕೋಚು, ಪೋಷಣಾ ತಜ್ಞರು ಇರುತ್ತಾರೆ. ನಮ್ಮಲ್ಲಿ ಹುಡುಗರು ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಓಡುವುದನ್ನು ನಾನು ಮೇ ತಿಂಗಳ ಬಿಸಿಲಲ್ಲಿ ನೋಡಿದ್ದೇನೆ. ರಾಯಚೂರು ಜಿಲ್ಲೆಯ ಬಿಸಿಲು ಎಂಥದು ಎಂದು ಬೇರೆ ಹೇಳಬೇಕಾಗಿಲ್ಲ. ದಯವಿಟ್ಟು ಅದನ್ನು ಮಾಡಬೇಡಿ.

ಮಾಂಸಖಂಡ ಬೆಳೆಯುವುದು ಹೇಗೆಂದರೆ, ಭಾರದ ಎಳೆತ ಬಿದ್ದಾಗ ದೇಹ ಅಲ್ಲಿ ಹೊಸ ಪ್ರೋಟೀನ್ ಜೋಡಿಸಲು ಶುರು ಮಾಡುತ್ತದೆ. ಈ ಕೆಲಸ ಒಂದೆರಡು ದಿನ ನಡೆಯುತ್ತದೆ, ಆಮೇಲೆ ಮತ್ತೆ ಭಾರ ಬೇಕು. ಆದ್ದರಿಂದ ಒಂದೊಂದು ಭಾಗಕ್ಕೆ ವಾರಕ್ಕೆ ಎರಡು ಸಲ ಕೆಲಸ ಕೊಟ್ಟರೆ ಒಳ್ಳೆಯದು. ಭಾರವೂ ಸ್ವಲ್ಪ ಸ್ವಲ್ಪ ಏರುತ್ತಿರಬೇಕು. ಹಳೆಯ ಗ್ರೀಸ್‌ನ ಮಿಲೋ ಎಂಬ ಪೈಲ್ವಾನ ದಿನಾ ಒಂದು ಕರುವನ್ನು ಹೊತ್ತು, ಅದು ಬೆಳೆದು ದೊಡ್ಡ ಹೋರಿ ಆಗುವವರೆಗೂ ಹೊತ್ತ ಎಂದು ಕಥೆ ಇದೆ. ಅಬ್ಬಾನ ಪ್ರಶ್ನೆಗೆ ಉತ್ತರ ನನಗೆ ಇಲ್ಲಿ ಸಿಕ್ಕಿತು. ಅವರ ಚೀಲ ಮೂವತ್ತು ವರ್ಷದಿಂದ 75 ಕೆ.ಜಿ.ಯೇ, ಅದು ಬೆಳೆಯುವುದಿಲ್ಲ, ವಿಶ್ರಾಂತಿ ದಿನವೂ ಇಲ್ಲ. ಅದಕ್ಕೇ ಅವರಿಗೆ ಸೊಂಟ ನೋವು ಬಂತು, ತೋಳು ಬರಲಿಲ್ಲ. ಇದನ್ನು ಅವರಿಗೆ ಹೇಳಲು ಮನಸ್ಸಾಗಲಿಲ್ಲ.

ಬೆಳವಣಿಗೆ ಎಷ್ಟು ನಿಧಾನ ಎಂದರೆ ನಮ್ಮ ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿಯ ಹಾಗೆ. ಅಲ್ಲಿ ಒಂದು ಟನ್ ಅದಿರು ಅರೆದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಎರಡು ವಾರ ಅರೆದು, ಮುಂದಿನ ಎರಡು ವಾರ ಗಣಿ ಮುಚ್ಚುತ್ತಾ ಹೋದರೆ ಏನು ಸಿಗುತ್ತದೆ? ನಾನು ಮಾಡಿದ್ದು ಅದೇ. ಏರುವ ಹಂತದಲ್ಲಿ ಕೆಲಸ ಹದಕ್ಕೆ ಬರುವಷ್ಟರಲ್ಲಿ ಊಟ ನಿಲ್ಲಿಸುತ್ತಿದ್ದೆ. ಇಳಿಯುವ ಹಂತದಲ್ಲಿ ನಿಜವಾದ ಕೊಬ್ಬು ಕರಗಲು ಶುರುವಾಗುವಷ್ಟರಲ್ಲಿ ಮತ್ತೆ ತಿನ್ನುತ್ತಿದ್ದೆ.

ಚಿಕ್ಕ ಅವಧಿ ಯಾವಾಗಲೂ ತಪ್ಪು ಎಂದು ನಾನು ಹೇಳುವುದಿಲ್ಲ. ನಾಲ್ಕೈದು ತಿಂಗಳು ನಿಧಾನವಾಗಿ ಏರಿಸಿ, ಸೊಂಟದ ಅಳತೆ ಸ್ವಲ್ಪ ಹೆಚ್ಚಾದವರು ಎರಡು ಮೂರು ವಾರ ಹದವಾಗಿ ಇಳಿಸಿ ಮತ್ತೆ ಏರಿಸಲು ಹೋಗುವುದು ಉಪಯೋಗದ ಕ್ರಮವೇ. ಆದರೆ ಮೈಯಲ್ಲಿ ಕರಗಿಸಲು ಕೊಬ್ಬೇ ಇಲ್ಲದ 54 ಕೆ.ಜಿ. ಹುಡುಗ ಕಟಿಂಗ್ ಮಾಡುವುದು, ಬಂಡವಾಳವೇ ಇಲ್ಲದ ಅಂಗಡಿಯಿಂದ ಡ್ರಾಯಿಂಗ್ಸ್ ತೆಗೆದ ಹಾಗೆ.

ಯಾರ ಪಾಲಿನ ಮೊಟ್ಟೆ?

ಇನ್ನೊಂದು ವಿಷಯ ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಬರೆಯುತ್ತೇನೆ.

ಆ ಸೋಮವಾರದ ನಂತರ ಬುಕ್ ಕೀಪಿಂಗ್ ಸರಿಯಾಗಿ ಮಾಡೋಣ ಎಂದು ಮನೆಯ ಅಡುಗೆ ಖರ್ಚನ್ನೂ ಬರೆದೆ. ಅಮ್ಮಿ ವಾರಕ್ಕೆ 30 ಮೊಟ್ಟೆಯ ಒಂದು ಟ್ರೇ ತರುತ್ತಿದ್ದರು. ನನ್ನ ಬಲ್ಕಿಂಗ್‌ನಲ್ಲಿ ನಾನೊಬ್ಬನೇ ದಿನಕ್ಕೆ ನಾಲ್ಕು, ವಾರಕ್ಕೆ 28. ಮನೆಯಲ್ಲಿ ನಾಲ್ಕು ಜನ. ಉಳಿದ ಮೂವರಿಗೆ ವಾರಕ್ಕೆ ಎರಡು ಮೊಟ್ಟೆ! ಅಮ್ಮಿಯನ್ನು ಕೇಳಿದೆ. "ಛೋಟಿಗೆ ಸ್ಕೂಲಲ್ಲಿ ಸಿಗುತ್ತದಲ್ಲ ಬೇಟಾ" ಅಂದರು. ತಂಗಿ ಸರ್ಕಾರಿ ಶಾಲೆಯಲ್ಲಿ ಎಂಟನೇ ತರಗತಿ. ಬಿಸಿಯೂಟದ ಜೊತೆ ಮೊಟ್ಟೆ ಕೊಡುತ್ತಾರೆ, ನಿಜ. ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮಕ್ಕಳ ಅಪೌಷ್ಟಿಕತೆ ಹೆಚ್ಚು ಎಂದೇ 2021ರ ಡಿಸೆಂಬರ್‌ನಲ್ಲಿ ಅದನ್ನು ಶುರು ಮಾಡಿದ್ದು. ಅದು ಮನೆಯ ಮೊಟ್ಟೆಯ ಬದಲಿಗೆ ಅಲ್ಲ, ಜೊತೆಗೆ. ಅಮ್ಮಿ ತಮ್ಮ ಪಾಲಿನ ಬಗ್ಗೆ ಏನೂ ಹೇಳಲಿಲ್ಲ. ಅಬ್ಬಾ 75 ಕೆ.ಜಿ. ಹೊತ್ತು ಬಂದು ಬೇಳೆ ಅನ್ನ ತಿನ್ನುತ್ತಿದ್ದರು, ನಾನು 35 ಕೆ.ಜಿ. ಎತ್ತಿ ನಾಲ್ಕು ಮೊಟ್ಟೆ.

ಇದಕ್ಕಿಂತ ದೊಡ್ಡ ತಪ್ಪು ಡಬ್ಬಿಯದು. ಬೆಂಗಳೂರಿನಿಂದ ಭಾಯಿ ಪುಸ್ತಕಕ್ಕೆಂದು ಕಳಿಸಿದ ದುಡ್ಡಿನಲ್ಲಿ 2,600 ರೂಪಾಯಿ ಕೊಟ್ಟು ಒಂದು ಕೆ.ಜಿ. ಪ್ರೋಟೀನ್ ಪುಡಿ ತಂದಿದ್ದೆ. ಆಮೇಲೆ ಕಾಸ್ಟಿಂಗ್ ಮಾಡಿದೆ. ಒಂದು ಚಮಚೆಗೆ, ಅಂದರೆ 33 ಗ್ರಾಂ ಪುಡಿಗೆ, 24 ಗ್ರಾಂ ಪ್ರೋಟೀನ್ ಎಂದು ಡಬ್ಬಿಯ ಮೇಲೆ ಬರೆದಿತ್ತು. ಮೂವತ್ತು ಚಮಚೆಗೆ 720 ಗ್ರಾಂ. ಒಂದು ಗ್ರಾಂ ಪ್ರೋಟೀನ್‌ಗೆ ಮೂರು ರೂಪಾಯಿ ಅರವತ್ತು ಪೈಸೆ. ಅದೇ ವಾರದ ನಮ್ಮ ಕಿರಾಣಿ ಅಂಗಡಿಯ ದರದಲ್ಲಿ ಮೊಟ್ಟೆ 7 ರೂಪಾಯಿ, ಅದರಲ್ಲಿ ಆರು ಗ್ರಾಂ, ಗ್ರಾಂಗೆ ಸುಮಾರು ಒಂದು ರೂಪಾಯಿ ಹದಿನೇಳು ಪೈಸೆ. ತೊಗರಿ ಬೇಳೆ ಕೆ.ಜಿ.ಗೆ 150 ರೂಪಾಯಿ, 220 ಗ್ರಾಂ ಪ್ರೋಟೀನ್, ಗ್ರಾಂಗೆ 68 ಪೈಸೆ. ಶೇಂಗಾ 140 ರೂಪಾಯಿ, 250 ಗ್ರಾಂ, 56 ಪೈಸೆ. ಎಲ್ಲಕ್ಕಿಂತ ಅಗ್ಗ ಸೋಯಾ ಚಂಕ್ಸ್, ಬಿಡಿಯಾಗಿ ಕೆ.ಜಿ.ಗೆ 150, ಅದರಲ್ಲಿ 520 ಗ್ರಾಂ, ಗ್ರಾಂಗೆ 29 ಪೈಸೆ. ನಾನು ಹನ್ನೆರಡು ಪಟ್ಟು ದುಡ್ಡು ಕೊಟ್ಟಿದ್ದೆ. ಮೊಟ್ಟೆ, ಹಾಲಿನ ಪ್ರೋಟೀನ್ ಕಾಳಿನದಕ್ಕಿಂತ ಮೇಲು ಎಂಬುದು ಸರಿ. ಆದರೆ ಜೋಳದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಂಶ ಬೇಳೆಯಲ್ಲಿ ಧಾರಾಳ. ರೊಟ್ಟಿ ಬೇಳೆ ಸೇರಿಸಿ ತಿಂದರೆ ಆ ಕೊರತೆ ತುಂಬುತ್ತದೆ. 2024ರ ಮೇ ತಿಂಗಳಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯೇ ಮೈ ಕಟ್ಟಲು ಪ್ರೋಟೀನ್ ಪುಡಿ ಬೇಡ ಎಂದು ತನ್ನ ಮಾರ್ಗಸೂಚಿಯಲ್ಲಿ ಹೇಳಿತು.

ಎಷ್ಟು ಪ್ರೋಟೀನ್ ಬೇಕು? ಸಾಮಾನ್ಯ ದೊಡ್ಡವರಿಗೆ ತೂಕದ ಒಂದು ಕೆ.ಜಿ.ಗೆ 0.83 ಗ್ರಾಂ. ಭಾರ ಎತ್ತುವವರ ಮೇಲೆ ನಡೆದ 49 ಅಧ್ಯಯನಗಳನ್ನು 2018ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಕೆ.ಜಿ.ಗೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. 55 ಕೆ.ಜಿ. ಹುಡುಗನಿಗೆ ಅದು 88 ಗ್ರಾಂ. ನನ್ನ ಈಗಿನ ದಿನದ ಲೆಕ್ಕ ಹೀಗಿದೆ: ನಾಲ್ಕು ಜೋಳದ ರೊಟ್ಟಿಯಿಂದ 20 ಗ್ರಾಂ, ಅನ್ನದಿಂದ 11, ಅರವತ್ತು ಗ್ರಾಂ ಬೇಳೆಯಿಂದ 13, ಒಂದು ಹಿಡಿ ಅಂದರೆ ಐವತ್ತು ಗ್ರಾಂ ಶೇಂಗಾದಿಂದ 12, ಎರಡು ಮೊಟ್ಟೆಯಿಂದ 12, ಮುನ್ನೂರು ಮಿಲಿ ಹಾಲಿನಿಂದ 10, ಇಪ್ಪತ್ತು ಗ್ರಾಂ ಸೋಯಾದಿಂದ 10. ಕೂಡಿ 88. ಮಾಂಸ ಮಾಡಿದ ದಿನ ಸೋಯಾ ಬೇಡ. ಎರಡು ಮೊಟ್ಟೆ ಕಡಿಮೆಯಾದದ್ದರಿಂದ ವಾರಕ್ಕೆ 14 ಮೊಟ್ಟೆ ಮನೆಯವರಿಗೆ ವಾಪಸ್ ಹೋಯಿತು.

ಪುಡಿಯ ಮಾತು ಬಂದಾಗ ಇನ್ನೊಂದು. ನನಗೆ ಪರಿಚಯದ ಒಬ್ಬ ಹುಡುಗ, ನಮ್ಮ ಕಾಲೇಜಿನವನಲ್ಲ, "ಬೇಗ ಆಗುತ್ತೆ" ಎಂದು ಯಾರೋ ಹೇಳಿದ್ದಕ್ಕೆ ಇಂಜೆಕ್ಷನ್ ತೆಗೆದುಕೊಂಡ. ಮೂರು ತಿಂಗಳಲ್ಲಿ ತೋಳು ಬಂತು, ಬೆನ್ನ ತುಂಬ ಮೊಡವೆ ಬಂತು, ರಾತ್ರಿ ನಿದ್ದೆ ಹೋಯಿತು. ಅಂಥ ಸ್ಟೀರಾಯ್ಡ್‌ಗಳು ನಮ್ಮ ವಯಸ್ಸಿನವರಲ್ಲಿ ಮೂಳೆಯ ತುದಿಯ ಬೆಳೆಯುವ ಪದರವನ್ನು ಅವಧಿಗೆ ಮೊದಲೇ ಮುಚ್ಚಿಬಿಡಬಹುದು, ಆಮೇಲೆ ಎತ್ತರ ಬೆಳೆಯುವುದಿಲ್ಲ. ದೇಹ ತಾನೇ ಮಾಡುವ ಹಾರ್ಮೋನ್ ನಿಲ್ಲುತ್ತದೆ, ಹೃದಯಕ್ಕೂ ಲಿವರ್‌ಗೂ ಪೆಟ್ಟು. ನಿಮಗೆ ಯಾರಾದರೂ ಕೊಡಲು ಬಂದರೆ ಮನೆಯಲ್ಲಿ ಹೇಳಿ, ಇಲ್ಲವೇ ನಮ್ಮ ದೈಹಿಕ ಶಿಕ್ಷಣದ ಸರ್‌ಗೆ ಹೇಳಿ. ಅವರು ಬೈಯುವುದಿಲ್ಲ, ನಾನು ಹೋಗಿ ಮಾತಾಡಿದ್ದೇನೆ.

ಹುಡುಗಿಯರಿಗೆ ಎರಡು ಮಾತು. ಜಿಮ್‌ಗೆ ಹೋಗದಿದ್ದರೂ ಬೆಳಿಗ್ಗೆ ತಿನ್ನದೆ ಬರುವ ಕಟಿಂಗ್ ನಿಮ್ಮಲ್ಲಿ ಬಹಳ ಇದೆ ಎಂದು ನಮ್ಮ ಲೆಕ್ಚರರ್ ಮೇಡಂ ಹೇಳುತ್ತಿರುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಅಂಥ ಮೈಯಿಂದ ಇಳಿಸುವುದೇನಿದೆ? ಶೇಂಗಾ, ಬೆಲ್ಲ, ಸೊಪ್ಪು, ಕಾಳು, ಮೊಟ್ಟೆ ಇವು ಹುಡುಗರಿಗೆ ಮಾತ್ರ ಎಂದು ಎಲ್ಲೂ ಬರೆದಿಲ್ಲ.

ಈಗ ನಾನು ಮಾಡುವ ಕ್ರಮ. ನವೆಂಬರ್‌ನಿಂದ ಹತ್ತು ವಾರ, ನನ್ನ ಬ್ರೇಕ್ ಈವನ್‌ಗಿಂತ ದಿನಕ್ಕೆ ಬರೀ 300 ಕ್ಯಾಲೊರಿ ಹೆಚ್ಚು ತಿಂದೆ. 300 ಎಂದರೆ ಅದೇ ಒಂದು ಹಿಡಿ ಶೇಂಗಾ, ಮೇಲೊಂದು ಸಣ್ಣ ತುಂಡು ಬೆಲ್ಲ, ಅಷ್ಟೇ. ವಾರಕ್ಕೆ ಕಾಲು ಕೆ.ಜಿ.ಯಂತೆ ಏರಿ 54.6ರಿಂದ 57.2 ಆಯಿತು. ತೂಕ ನೋಡುವುದು ವಾರಕ್ಕೆ ಮೂರು ಬೆಳಿಗ್ಗೆ, ಏನೂ ತಿನ್ನುವ ಮೊದಲು. ಮೂರರ ಸರಾಸರಿ ಮಾತ್ರ ಪುಸ್ತಕಕ್ಕೆ ಬರೆಯುತ್ತೇನೆ, ಒಂದೊಂದು ದಿನದ ಅಂಕಿಗೆ ಬೆಲೆ ಕೊಡುವುದಿಲ್ಲ. ತಿಂಗಳಿಗೊಮ್ಮೆ ಹೊಲಿಗೆ ಟೇಪಿನಿಂದ ಸೊಂಟ ಅಳೆಯುತ್ತೇನೆ. ತೂಕ ಏರಿ, ಎತ್ತುವ ಭಾರವೂ ಏರಿ, ಸೊಂಟ ಹೆಚ್ಚು ಏರದಿದ್ದರೆ ಅದು ಲಾಭ. ಸೊಂಟ ಮಾತ್ರ ಏರಿದರೆ ಊಟ ಜಾಸ್ತಿಯಾಯಿತು ಎಂದು ಅರ್ಥ. ಬೆಂಚ್ ಪ್ರೆಸ್ 47 ಕೆ.ಜಿ.ಗೆ ಬಂತು.

ಆಮೇಲೆ ಪರೀಕ್ಷೆ ಮತ್ತು ರಂಜಾನ್. ಈಚಿನ ವರ್ಷಗಳಲ್ಲಿ ಇವೆರಡೂ ಒಂದರ ಬೆನ್ನಿಗೆ ಒಂದು ಬರುತ್ತಿವೆ. ರಂಜಾನ್ ಪ್ರತಿ ವರ್ಷ ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಇನ್ನು ಕೆಲವು ವರ್ಷದಲ್ಲಿ ಪರೀಕ್ಷೆಯಿಂದ ದೂರ ಹೋಗುತ್ತದೆ, ನಮಗೆ ಮಾತ್ರ ಅದು ಸಿಗುವುದಿಲ್ಲ. ಕೆಲವರು ರೋಜಾವನ್ನೇ ಕಟಿಂಗ್ ಎಂದುಕೊಳ್ಳುತ್ತಾರೆ. ಎರಡನ್ನೂ ಬೆರೆಸಬಾರದು ಎಂದು ನನಗೆ ಅನಿಸುತ್ತದೆ. ಆ ತಿಂಗಳು ನಾನು ಏರಲೂ ಇಲ್ಲ, ಇಳಿಯಲೂ ಇಲ್ಲ. ಇಫ್ತಾರ್‌ನಲ್ಲಿ ಕರಿದದ್ದು ಕಡಿಮೆ, ಸಹರಿಯಲ್ಲಿ ರೊಟ್ಟಿ, ಮೊಟ್ಟೆ, ಮೊಸರು, ನಡುವೆ ಸ್ವಲ್ಪ ಸ್ವಲ್ಪವಾಗಿ ನೀರು. ವ್ಯಾಯಾಮ ವಾರಕ್ಕೆ ಎರಡೇ ದಿನ, ರಾತ್ರಿ ಹೊತ್ತು, ಭಾರ ಅಷ್ಟೇ ಇಟ್ಟು ಸೆಟ್ ಅರ್ಧ ಮಾಡಿ. ಇದ್ದದ್ದನ್ನು ಉಳಿಸಿಕೊಳ್ಳಲು ಕಡಿಮೆ ಕೆಲಸ ಸಾಕು, ಭಾರ ಮಾತ್ರ ಇಳಿಸಬಾರದು. ಈದ್ ದಿನ ತೂಕ 57 ಇತ್ತು.

ಬೇಸಿಗೆ ರಜೆಯಲ್ಲಿ ಮತ್ತೆ ಎಂಟು ವಾರ ಏರಿಕೆ, 59.2ಕ್ಕೆ ಬಂದೆ. ಸೊಂಟ 70ರಿಂದ 73 ಸೆಂಟಿಮೀಟರ್ ಆಗಿತ್ತು. ಆಗ ಮೂರು ವಾರ ಸಣ್ಣ ಇಳಿಕೆ, ದಿನಕ್ಕೆ 300 ಕ್ಯಾಲೊರಿ ಮಾತ್ರ ಕಡಿಮೆ, ಪ್ರೋಟೀನ್ ಅಷ್ಟೇ. 58.4, ಸೊಂಟ 71.5. ಬೆಂಚ್ ಪ್ರೆಸ್ ಒಂದು ಕೆ.ಜಿ.ಯೂ ಇಳಿಯಲಿಲ್ಲ. ಕಳೆದ ವರ್ಷದ ಕಟಿಂಗ್‌ಗೂ ಇದಕ್ಕೂ ವ್ಯತ್ಯಾಸ ಏನೆಂದರೆ ಈ ಮೂರು ವಾರ ನಾನು ಕಟಿಂಗ್‌ನಲ್ಲಿದ್ದೇನೆ ಎಂದು ಮನೆಯಲ್ಲಾಗಲಿ ಕ್ಲಾಸಿನಲ್ಲಾಗಲಿ ಯಾರಿಗೂ ಗೊತ್ತಾಗಲೇ ಇಲ್ಲ.

ನಿದ್ದೆಯ ಬಗ್ಗೆ ಬರೆಯಲು ನನಗೆ ಅಧಿಕಾರ ಇಲ್ಲ, ಮಸ್ಕಿಯಿಂದ ಮೊದಲ ಬಸ್ ಹಿಡಿಯುವವರಿಗೆ ಎಂಟು ಗಂಟೆ ನಿದ್ದೆ ಕಷ್ಟ. ರಾತ್ರಿ ಮೊಬೈಲ್ ಹತ್ತು ಗಂಟೆಗೆ ಅಮ್ಮಿ ಕೈಗೆ ಕೊಡುತ್ತೇನೆ, ಏಳು ಗಂಟೆ ಆಗುತ್ತದೆ.

ಈಗ ಸೆಕೆಂಡ್ ಪಿಯುಸಿ. ಪರೀಕ್ಷೆಯವರೆಗೆ ಇಳಿಕೆ ಇಲ್ಲ, ನಿಧಾನ ಏರಿಕೆ ಮಾತ್ರ. ಈ ವಾರದ ಸರಾಸರಿ 59.1. ಭಾಯಿಗೆ 2,600ರಲ್ಲಿ 1,400 ವಾಪಸ್ ಕೊಟ್ಟಿದ್ದೇನೆ, ಭಾನುವಾರ ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆದು ಸಿಗುವ ದುಡ್ಡಿನಿಂದ. ಹೋದ ತಿಂಗಳು ಅಬ್ಬಾನ ಸೊಂಟಕ್ಕೆಂದು ಸರ್ ಹೇಳಿಕೊಟ್ಟ ಎರಡು ಸುಲಭ ವ್ಯಾಯಾಮ ಮನೆಯಲ್ಲಿ ಶುರು ಮಾಡಿಸಿದೆ. ನೆಲದ ಮೇಲೆ ಅಂಗಾತ ಮಲಗಿ ಸೊಂಟ ಎತ್ತಿ ಇಳಿಸುವುದು ಒಂದು. ಮೊದಲ ದಿನ ಎಂಟು ಸಲ ಮಾಡಿ, ಎತ್ತಿದ್ದನ್ನು ಅಲ್ಲೇ ಇಟ್ಟಾಯಿತು ಎಂದು ನಕ್ಕರು. ಈಗ ಹದಿನೈದು ಮಾಡುತ್ತಾರೆ, ಅದನ್ನೂ ನನ್ನ ಪುಸ್ತಕದಲ್ಲೇ ಬರೆಯುತ್ತಿದ್ದೇನೆ.